ಕೋವಿಯ ಲೆಕ್ಕ ಯಾರ ಬಳಿ?

ಕೋವಿ ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಹಕ್ಕು, ನಮ್ಮಲ್ಲಿ ಪರವಾನಗಿ ಎಂದು ಹೇಳಿ ಮಾತು ಮುಗಿಸಿಬಿಡುವವರೇ ಹೆಚ್ಚು. ಪುಣೆಯ ನಮ್ಮ ಕನ್ನಡಿಗರ ಬಳಗದಲ್ಲಿ ಮಕ್ಕಳನ್ನು ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಿಗೆ ಕಳುಹಿಸಿದ ಮನೆಗಳು ಸಾಕಷ್ಟಿರುವುದರಿಂದ, ಅಲ್ಲಿ ಎಲ್ಲಾದರೂ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಈ ಚರ್ಚೆ ಏಳುತ್ತದೆ. ನನಗೆ ಹಕ್ಕಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿರುವುದು, ಮಾರಾಟವಾದ ಕೋವಿಯ ಲೆಕ್ಕವನ್ನು ಯಾರು ಇಡುತ್ತಾರೆ ಎಂಬ ಪ್ರಶ್ನೆ.

ಅಮೆರಿಕದ ಸಂವಿಧಾನಕ್ಕೆ ಎರಡನೆಯ ತಿದ್ದುಪಡಿ ಸೇರಿದ್ದು 1791ರಲ್ಲಿ. ಅದು ವ್ಯಕ್ತಿಯೊಬ್ಬನಿಗೆ ಸ್ವರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ. ಹಾಗೆಂದು ಕಡಿವಾಣವೇ ಇಲ್ಲವೆಂದಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಆಯುಧ ಹೊಂದುವುದನ್ನು 1968ರ ಫೆಡರಲ್ ಕಾಯಿದೆ ನಿಷೇಧಿಸುತ್ತದೆ. ಪರವಾನಗಿ ಪಡೆದ ಅಂಗಡಿಯಲ್ಲಿ ಕೊಳ್ಳುವವನು 4473 ಸಂಖ್ಯೆಯ ನಮೂನೆಯನ್ನು ತುಂಬಬೇಕು, ನಿಜವಾದ ಖರೀದಿದಾರ ತಾನೇ ಎಂದು ಸಹಿ ಹಾಕಬೇಕು. ಅವನ ಪೂರ್ವಾಪರವನ್ನು ಎಫ್‌ಬಿಐ ನಡೆಸುವ ವ್ಯವಸ್ಥೆಯಲ್ಲಿ ಪರಿಶೀಲಿಸುತ್ತಾರೆ. ಆದರೆ ಒಂದೇ ರಾಜ್ಯದ ಇಬ್ಬರು ಸಾಮಾನ್ಯರು ತಮ್ಮತಮ್ಮೊಳಗೆ ಕೊಟ್ಟು ಕೊಂಡರೆ ಫೆಡರಲ್ ಕಾನೂನು ಈ ತಪಾಸಣೆಯನ್ನು ಕೇಳುವುದಿಲ್ಲ. ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ.

ವಿಚಿತ್ರವಿರುವುದು ಇದರ ನಂತರ. ತುಂಬಿದ ನಮೂನೆ ಸರ್ಕಾರಕ್ಕೆ ಹೋಗದೆ ಅಂಗಡಿಯವನ ಕಪಾಟಿನಲ್ಲೇ ಉಳಿಯುತ್ತದೆ, ಏಕೆಂದರೆ ಮಾಲೀಕರ ಫೆಡರಲ್ ನೋಂದಣಿ ಪುಸ್ತಕ ತಯಾರಾಗುವುದನ್ನು 1986ರ ಕಾಯಿದೆ ತಡೆದಿದೆ. ಕೊಲೆ ನಡೆದ ಜಾಗದಲ್ಲಿ ಪಿಸ್ತೂಲು ಸಿಕ್ಕರೆ, ಎ.ಟಿ.ಎಫ್. ಎಂಬ ಫೆಡರಲ್ ಸಂಸ್ಥೆಯ ಸಿಬ್ಬಂದಿ ಅದರ ಸೀರಿಯಲ್ ನಂಬರ್ ಹಿಡಿದು ಮೊದಲು ತಯಾರಕನನ್ನು, ಅವನು ಹೇಳಿದ ಸಗಟು ವ್ಯಾಪಾರಿಯನ್ನು, ಕೊನೆಗೆ ಚಿಲ್ಲರೆ ಅಂಗಡಿಯನ್ನು ವಿಚಾರಿಸಬೇಕು. ಅಂಗಡಿ ಮುಚ್ಚಿದ್ದರೆ ಅದರ ಕಾಗದಪತ್ರಗಳು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಕೇಂದ್ರದಲ್ಲಿರುತ್ತವೆ. ಅವುಗಳ ಚಿತ್ರ ತೆಗೆದು ಇಟ್ಟಿದ್ದರೂ ಖರೀದಿದಾರನ ಹೆಸರು ಹಾಕಿ ಹುಡುಕುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ಸಿಗುವುದು ಮೊದಲು ಕೊಂಡವನ ಹೆಸರು. ಅವನು ಅದನ್ನು ಇನ್ನೊಬ್ಬನಿಗೆ ಮಾರಿದ್ದರೆ ಸುಳಿವು ಅಲ್ಲಿಗೇ ನಿಲ್ಲಬಹುದು. ಸರ್ಕಾರದ ಕೈಗೆ ಪಟ್ಟಿ ಸಿಕ್ಕರೆ ಮುಂದೆ ಜಪ್ತಿಗೆ ಬರುತ್ತಾರೆಂಬ ಅಂಜಿಕೆ ಅಲ್ಲಿನವರದು. ಅದು ನನಗೆ ಅರ್ಥವಾಗುತ್ತದೆ, ಆದರೂ ತನಿಖೆಯ ಕೈಯನ್ನು ಕಾನೂನೇ ಇಷ್ಟು ಕಟ್ಟಿಹಾಕುವುದು ಒಪ್ಪಿಗೆಯಾಗುವುದಿಲ್ಲ.

ನಮ್ಮಲ್ಲಿ ಎಲ್ಲವೂ ತಿರುವುಮುರುವು. 1959ರ ಆಯುಧ ಕಾಯಿದೆಯಡಿ ಪುಣೆ ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ನಮ್ಮ ಸೊಸೈಟಿಯಲ್ಲಿರುವ, ಕೊಡಗಿನ ನಿವೃತ್ತ ಸುಬೇದಾರರೊಬ್ಬರು ಚುನಾವಣೆ ಬಂತೆಂದರೆ ಠಾಣೆಯ ಸೂಚನೆಯಂತೆ ತಮ್ಮ ಜೋಡುನಳಿಗೆಯ ಕೋವಿಯನ್ನು ಅಲ್ಲಿ ಠೇವಣಿ ಇಟ್ಟು, ರಸೀದಿಯನ್ನು ಪಿಂಚಣಿ ಪುಸ್ತಕದ ಜೊತೆಗೇ ಜೋಪಾನ ಮಾಡುತ್ತಾರೆ. ಅರ್ಜಿ ತಿರಸ್ಕರಿಸಿದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕೆಂದು ಕಾಯಿದೆ ಹೇಳುತ್ತದೆ ನಿಜ, ಆದರೆ ಕೊಡುವ ಬಿಡುವ ವಿವೇಚನೆ ಬಹುಪಾಲು ಅವರದೇ. ಆ ಸುಬೇದಾರರ ತವರಾದ ಕೊಡಗಿನಲ್ಲಿ ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯಿದೆ, ಕೈಲ್‌ಪೊಳ್ದು ಎಂಬ ಆಯುಧ ಹಬ್ಬದಲ್ಲಿ ಕೋವಿಗೆ ಪೂಜೆಯೂ ಇದೆ. ಅದು ಕೂಡ ಕೇಂದ್ರದ ಅಧಿಸೂಚನೆಯಿಂದ ಬಂದ ರಿಯಾಯಿತಿಯೇ. ಈಗಿನ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ.