ರೇಮನ್ ಲೆಜೆಂಡ್ಸ್ ದಿನಚರಿ: 700ರಲ್ಲಿ 431

ಎರಡು ವಾರಗಳ ಹಿಂದೆ ‘ರೇಮನ್ ಲೆಜೆಂಡ್ಸ್’ ವಿಡಿಯೋ ಗೇಮಿನ ಈ ದಿನಚರಿಯ ಹಿಂದಿನ ಕಂತನ್ನು ಬರೆದಾಗ, ನಾನು ಸೆರೆಯಿಂದ ಬಿಡಿಸಿದ್ದ ಟೀನ್ಸಿಗಳೆಂಬ ಪುಟ್ಟ ಜೀವಿಗಳ ಸಂಖ್ಯೆ 214 ಇತ್ತು. ಇಂದು ರಾತ್ರಿ ಆಟ ನಿಲ್ಲಿಸುವಾಗ ಅದು 431ಕ್ಕೆ ಬಂದಿದೆ. ಇಡೀ ಆಟದಲ್ಲಿರುವ ಟೀನ್ಸಿಗಳು 700. ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಂತೆ ಕಂಡರೂ, ಕಣ್ಣಿಗೆ ಕಾಣುವಂತೆ ಕುಳಿತಿದ್ದವರೆಲ್ಲ ಮೊದಲೇ ಸಿಕ್ಕಿಬಿಟ್ಟಿರುವುದರಿಂದ ಉಳಿದ 269 ಮಂದಿಯನ್ನು ಹುಡುಕುವ ಕೆಲಸ ಇದುವರೆಗಿನದಕ್ಕಿಂತ ನಿಧಾನವಾಗಿ ಸಾಗುವುದು ಖಚಿತ.

ಆಟದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಫ್ರಾನ್ಸಿನ ಮಿಶೆಲ್ ಆನ್ಸೆಲ್ ರೂಪಿಸಿದ ರೇಮನ್ ಎಂಬ ಪಾತ್ರದ ಮೊದಲ ಆಟ ಬಂದದ್ದು 1995ರಲ್ಲಿ. ಇವನಿಗೆ ಅಂಗೈ ಇದೆ, ತೋಳಿಲ್ಲ. ಪಾದ ಇದೆ, ಕಾಲಿಲ್ಲ. 2011ರಲ್ಲಿ ಯೂಬಿಸಾಫ್ಟ್‌ನ ಮಾಂಪೆಲಿಯೆ ಸ್ಟುಡಿಯೋ ‘ರೇಮನ್ ಒರಿಜಿನ್ಸ್’ ಎಂಬ ಹೆಸರಿನಲ್ಲಿ ಅವನನ್ನು ಮತ್ತೆ ಎರಡು ಆಯಾಮದ ಚಿತ್ರಲೋಕಕ್ಕೆ ಕರೆತಂದಿತು. ನಾನೀಗ ಆಡುತ್ತಿರುವ ‘ಲೆಜೆಂಡ್ಸ್’ ಅದರ ಮುಂದಿನ ಭಾಗ. ಇದು 2013ರ ಫೆಬ್ರವರಿಯಲ್ಲಿ ನಿಂಟೆಂಡೊದ ವೀ ಯು ಎಂಬ ಆಟದ ಯಂತ್ರಕ್ಕೆ ಮಾತ್ರ ಬರಬೇಕಿತ್ತು, ಆದರೆ ಬೇರೆ ಯಂತ್ರಗಳಿಗೂ ಒಟ್ಟಿಗೇ ಕೊಡುವ ನಿರ್ಧಾರದಿಂದಾಗಿ ಅದೇ ವರ್ಷದ ಆಗಸ್ಟ್ ಕೊನೆಗೆ ಬಂದಿತು. ಕಥೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರೇಮನ್ ಮತ್ತು ಅವನ ಸಂಗಡಿಗರು ನೂರು ವರ್ಷ ಗೊರಕೆ ಹೊಡೆದಿದ್ದಾರೆ, ಅಷ್ಟರಲ್ಲಿ ದುಃಸ್ವಪ್ನಗಳು ಹಬ್ಬಿ ಟೀನ್ಸಿಗಳನ್ನು ಸೆರೆಹಿಡಿದಿವೆ, ಮರ್ಫಿ ಎಂಬ ಹಸಿರು ನೊಣದಂತಹ ಜೀವಿ ಬಂದು ಇವರನ್ನು ಎಬ್ಬಿಸುತ್ತದೆ. ಮಿಕ್ಕದ್ದೆಲ್ಲ ಓಟ ಮತ್ತು ಜಿಗಿತ.

ಈ ಎರಡು ವಾರಗಳ ಹೆಚ್ಚಿನ ಭಾಗ ಮೂರನೆಯ ಲೋಕವಾದ ‘ಫಿಯೆಸ್ಟಾ ದೆ ಲೋಸ್ ಮುಯೆರ್ತೋಸ್’ನಲ್ಲೇ ಕಳೆಯಿತು. ಮೆಕ್ಸಿಕೋದ ಮೃತರ ಹಬ್ಬದ ಬಣ್ಣಗಳನ್ನೂ ಅಡುಗೆಮನೆಯನ್ನೂ ಒಟ್ಟು ಕಲಸಿ ಮಾಡಿದ ಲೋಕವಿದು. ಗೋಡೆಗಳು ಕೇಕಿನವು, ಒಂದು ಹಂತದಲ್ಲಂತೂ ದೈತ್ಯಾಕಾರದ ಮುಖವಾಡದ ಪೈಲ್ವಾನನೊಬ್ಬ ಎಲ್ಲವನ್ನೂ ಒಡೆಯುತ್ತ ನಮ್ಮ ಬೆನ್ನು ಹತ್ತುತ್ತಾನೆ. ರಜೆಗೆ ಬಂದಿರುವ ಅಕ್ಕನ ಮಗ ಎರಡನೆಯ ಕಂಟ್ರೋಲರ್ ಹಿಡಿದು ಜೊತೆಯಾದ ಮೇಲೆ ನಮ್ಮ ವೇಗ ಹೆಚ್ಚಿತೆಂದು ಹೇಳಲಾರೆ, ಗದ್ದಲ ಮಾತ್ರ ಹೆಚ್ಚಿತು. ಇಬ್ಬರು ಆಡುವಾಗ ಪೆಟ್ಟು ತಿಂದವನು ಸಾಯುವುದಿಲ್ಲ, ಗುಳ್ಳೆಯಂತೆ ಉಬ್ಬಿ ತೇಲತೊಡಗುತ್ತಾನೆ; ಮತ್ತೊಬ್ಬನು ಅವನಿಗೊಂದು ಏಟು ಕೊಟ್ಟರೆ ಗುಳ್ಳೆ ಒಡೆದು ಮತ್ತೆ ನೆಲಕ್ಕಿಳಿಯುತ್ತಾನೆ. ಗುಳ್ಳೆ ಒಡೆಯಲು ಕಲಿತ ಹುಡುಗನಿಗೆ, ಗುಳ್ಳೆಯಾಗದಿದ್ದಾಗಲೂ ಮಾಮನ ಕೆನ್ನೆಗೆ ಬಾರಿಸಬಹುದೆಂದು ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಇದೇ ಲೋಕದಲ್ಲಿ ನಮ್ಮನ್ನು ಬಾತುಕೋಳಿಗಳನ್ನಾಗಿ ಮಾಡುವ ಹಂತವೊಂದಿದೆ. ಅಲ್ಲಿ ಪುಟ್ಟ ಕಾಲುಗಳಲ್ಲಿ ತೊನೆಯುತ್ತ ಓಡುವ ನನ್ನ ಬಾತುಕೋಳಿಯನ್ನು ನೋಡಿ ಅವನು ನಕ್ಕ ನಗುವಿಗೆ ಹಂತವನ್ನು ಮೂರು ಸಲ ಮೊದಲಿನಿಂದ ಆಡಬೇಕಾಯಿತು.

ಟೀನ್ಸಿಗಳನ್ನು ಹುಡುಕುವ ಕ್ರಮವನ್ನು ಈ ಬಾರಿ ಬದಲಿಸಿಕೊಂಡೆ. ದೊಡ್ಡ ಹಂತಗಳಲ್ಲಿ ಹತ್ತು ಟೀನ್ಸಿಗಳಿರುತ್ತಾರೆ. ಎಂಟು ಮಂದಿ ದಾರಿಯ ಅಕ್ಕಪಕ್ಕದಲ್ಲಿ, ರಾಜ ಮತ್ತು ರಾಣಿ ಪ್ರತ್ಯೇಕ ಗುಪ್ತ ಕೋಣೆಗಳಲ್ಲಿ. ಮೊದಲೆಲ್ಲ ಗೋಡೆಗೋಡೆಗೂ ಗುದ್ದಿ ನೋಡುತ್ತಿದ್ದೆ. ಆದರೆ ಸೆರೆಯಲ್ಲಿರುವವರು ಸುಮ್ಮನಿರುವುದಿಲ್ಲ, ಸಣ್ಣ ದನಿಯಲ್ಲಿ ಕೂಗುತ್ತಲೇ ಇರುತ್ತಾರೆ. ಸಂಗೀತದ ಅಬ್ಬರದಲ್ಲಿ ನನ್ನ ಕಿವಿಗೆ ಬೀಳದಿದ್ದ ಈ ದನಿಯನ್ನು ಹಿಡಿದವನು ಅಳಿಯನೇ. “ಮಾಮಾ, ನಿಲ್ಲಿ, ಇಲ್ಲೇ ಎಲ್ಲೋ ಯಾರೋ ಕೂಗ್ತಿದಾರೆ” ಎಂದು ತಡೆದ. ನಿಂತು ಕೇಳಿದೆವು. ಚಾವಣಿಯ ಅಂಚಿನಲ್ಲಿ, ಮುಂಭಾಗದ ಎಲೆಯ ನೆರಳಿನ ಹಿಂದೆ ಒಂದು ಕಿರಿದಾದ ಬಿರುಕಿತ್ತು, ಅದರ ಆಚೆ ರಾಣಿಯ ಕೋಣೆ. ಆ ಹಂತವನ್ನು ನಾನು ಅದಕ್ಕೆ ಮೊದಲು ನಾಲ್ಕು ಬಾರಿ ದಾಟಿಹೋಗಿದ್ದೆ. ಅಂದಿನಿಂದ ಸಂಗೀತದ ಧ್ವನಿಯನ್ನು ತಗ್ಗಿಸಿ, ಪ್ರತಿ ತಿರುವಿನಲ್ಲೂ ಒಂದು ಕ್ಷಣ ನಿಂತು ಆಲಿಸಿ ಮುಂದೆ ಹೋಗುವುದು ನಮ್ಮ ರೂಢಿಯಾಗಿದೆ. 214ರಿಂದ 431ಕ್ಕೆ ಏರಿದ ಲೆಕ್ಕದಲ್ಲಿ ದೊಡ್ಡ ಪಾಲು ಈ ಕಿವಿಯದೇ.

ಸಂಗೀತವನ್ನು ತಗ್ಗಿಸಲೇಬಾರದ ಹಂತಗಳೂ ಇವೆ, ಮತ್ತು ಹಿಂದಿನ ಭಾಗಕ್ಕಿಂತ ಈ ಭಾಗವನ್ನು ನಾನು ಹೆಚ್ಚು ಮೆಚ್ಚಲು ಅವೇ ಕಾರಣ. ಮೊದಲ ಲೋಕದ ಕೊನೆಯಲ್ಲಿ ಬರುವ ‘ಕ್ಯಾಸಲ್ ರಾಕ್’ ಅಂಥದ್ದು. ಹಳೆಯ ರಾಕ್ ಹಾಡೊಂದರ ಧಾಟಿಗೆ ಇಡೀ ಹಂತವನ್ನೇ ಹೊಲಿದಿದ್ದಾರೆ: ಶತ್ರುವಿಗೆ ನಾವು ಕೊಡುವ ಗುದ್ದು ಡ್ರಮ್ಮಿನ ಪೆಟ್ಟಿನ ಮೇಲೇ ಬೀಳುತ್ತದೆ, ಇಳಿಜಾರಿನಲ್ಲಿ ಜಾರುವಾಗ ಗಿಟಾರ್ ಒಂಟಿಯಾಗಿ ಏರಿಳಿಯುತ್ತದೆ. ಎಲ್ಲಿಯೂ ನಿಲ್ಲುವಂತಿಲ್ಲ. ಮೊದಲ ಕೆಲವು ಪ್ರಯತ್ನಗಳಲ್ಲಿ ಕಂದಕವನ್ನು ನೋಡಿ ಜಿಗಿಯಲು ಹೋಗಿ ಬಿದ್ದೆ, ಏಕೆಂದರೆ ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಅರ್ಧ ಮಾತ್ರೆ ತಡವಾಗಿರುತ್ತಿತ್ತು. ನಂತರ ಎಡಗಾಲಿನಲ್ಲಿ ತಾಳ ಹಾಕುತ್ತ, ಸಮಕ್ಕೆ ಬಂದು ಕೂರುವ ಲೆಕ್ಕದಲ್ಲಿ ಜಿಗಿದಾಗ, ಕಂದಕ ಎಲ್ಲಿದೆಯೆಂದು ಗಮನಿಸದೆಯೇ ಅದನ್ನು ದಾಟಿದ್ದೆ. ಚಿಕ್ಕಂದಿನಲ್ಲಿ ಎರಡು ವರ್ಷ ಮೃದಂಗ ಕಲಿತು ಬಿಟ್ಟದ್ದು ವ್ಯರ್ಥವಾಯಿತೆಂದು ಮನೆಯವರು ಈಗಲೂ ಹೇಳುವುದುಂಟು. ಅವರಿಗೆ ಈ ಹಂತವನ್ನು ಒಮ್ಮೆ ತೋರಿಸಬೇಕೆಂದಿದ್ದೇನೆ. ಇಂತಹ ಹಂತಗಳ ಎಂಟು-ಬಿಟ್ ಆವೃತ್ತಿಗಳು ಕೊನೆಯ ಲೋಕದಲ್ಲಿವೆ. ಅಲ್ಲಿ ಹಾಡು ಹಳೆಯ ವಿಡಿಯೋ ಗೇಮಿನ ಕೀರಲು ದನಿಗೆ ಇಳಿಯುತ್ತದೆ, ಪರದೆಯಂತೂ ಬೇಕೆಂದೇ ಕದಡಿ ದಾರಿ ಕಾಣದಂತೆ ಮಾಡುತ್ತದೆ. ಅಲ್ಲಿಗೆ ನಾವಿನ್ನೂ ತಲುಪಿಲ್ಲ.

ಎಲ್ಲವೂ ಹಿಡಿಸಿದೆ ಎಂದೇನಿಲ್ಲ. ಬಟನ್ ಒತ್ತಿ ಮರ್ಫಿಯಿಂದ ಹಗ್ಗ ಕತ್ತರಿಸುವ, ಹಲಗೆ ಸರಿಸುವ, ಕೇಕ್ ತಿನ್ನಿಸುವ ಹಂತಗಳನ್ನು ವೀ ಯುನ ಸ್ಪರ್ಶಪರದೆಗಾಗಿ ಯೋಚಿಸಿದ್ದರೆಂಬುದು ಆಡುವಾಗ ತಿಳಿದುಬಿಡುತ್ತದೆ; ನಮ್ಮ ಕಂಟ್ರೋಲರಿನಲ್ಲಿ ಅದು ಓಟದ ನಡುವೆ ಹೆಚ್ಚುವರಿ ಚಾಕರಿಯಂತೆ ಅನಿಸಿತು. ದಾರಿಯಲ್ಲಿ ಸಿಗುವ ಲಮ್ ಎಂಬ ಹೊಳೆಯುವ ಪುಟ್ಟ ಜೀವಿಗಳನ್ನು ಕೂಡಿಸಿದ್ದಕ್ಕೆ ದೊರೆಯುವ, ಉಜ್ಜಿ ನೋಡಬೇಕಾದ ಅದೃಷ್ಟದ ಚೀಟಿಗಳ ಬಗ್ಗೆಯೂ ನನಗೆ ಅಷ್ಟೇನೂ ಉತ್ಸಾಹವಿಲ್ಲ, ಆದರೆ ‘ಒರಿಜಿನ್ಸ್’ನಿಂದ ಹೊಸದಾಗಿ ಬಣ್ಣ ಹಚ್ಚಿ ತಂದ 40 ಹಂತಗಳು ಆ ಚೀಟಿಗಳಿಂದಲೇ ತೆರೆಯಬೇಕಾದ್ದರಿಂದ ಉಜ್ಜದೆ ಗತಿಯಿಲ್ಲ. ಉಜ್ಜುವ ಕೆಲಸವನ್ನು ಅಳಿಯನಿಗೆ ವಹಿಸಿದ್ದೇನೆ.

ಸದ್ಯ ನಾವು ಸಿಕ್ಕಿಕೊಂಡಿರುವುದು ‘ಆಕ್ರಮಿತ’ ಹಂತವೊಂದರಲ್ಲಿ. ಒಂದು ಲೋಕದ ಶತ್ರುಗಳು ಮತ್ತೊಂದು ಲೋಕಕ್ಕೆ ನುಗ್ಗಿರುವ ಈ ಚಿಕ್ಕ ಹಂತಗಳಲ್ಲಿ ಮೂವರು ಟೀನ್ಸಿಗಳನ್ನು ರಾಕೆಟ್‌ಗಳಿಗೆ ಕಟ್ಟಿರುತ್ತಾರೆ. 40 ಸೆಕೆಂಡಿನೊಳಗೆ ಕೊನೆ ಮುಟ್ಟಿದರೆ ಮೂವರೂ ಉಳಿಯುತ್ತಾರೆ, 50ರೊಳಗಾದರೆ ಇಬ್ಬರು, 60ರೊಳಗಾದರೆ ಒಬ್ಬ. ಇಲ್ಲಿ ಕಿವಿಗೊಟ್ಟು ನಿಲ್ಲುವ ರೂಢಿ ಸಂಪೂರ್ಣ ಕೈಕೊಡುತ್ತದೆ. ನಿನ್ನೆಯ ನಮ್ಮ ಅತ್ಯುತ್ತಮ ಓಟ 46 ಸೆಕೆಂಡಿನದು. ಇಂದು, ಮೊದಲ ತಿರುವಿನಲ್ಲಿ ಗೋಡೆಯೇರುವ ಬದಲು ಶತ್ರುವಿನ ತಲೆಯನ್ನೇ ಮೆಟ್ಟಿಲು ಮಾಡಿಕೊಂಡು ಹಾರುವುದನ್ನು ಅಭ್ಯಾಸ ಮಾಡಿ, 43ಕ್ಕೆ ಇಳಿಸಿದೆವು, ನಂತರ 41ಕ್ಕೆ. ಊಟಕ್ಕೆ ಕರೆದ ಅಕ್ಕನಿಗೆ “ಇದೊಂದೇ” ಎಂದು ಹೇಳಿ ಆಡಿದ ಕೊನೆಯ ಓಟದಲ್ಲಿ ಬಾಗಿಲ ಹತ್ತಿರ ಬಂದಿದ್ದಾಗ ಅಳಿಯ ಅಭ್ಯಾಸಬಲದಿಂದ ನನಗೊಂದು ಏಟು ಕೊಟ್ಟ. ನಾವು ಒಳಗೆ ಕಾಲಿಡುವಷ್ಟರಲ್ಲಿ ಮೊದಲ ರಾಕೆಟ್ ಹಾರಿತ್ತು.