ಬೆಟ್ಟ ಬಿಟ್ಟು ಮನೆಯೊಳಗೆ ಯಾಕೆ?

"ಕೊಡಗಲ್ಲಿದ್ದುಕೊಂಡು ಬೆಟ್ಟ, ಮಂಜು, ಅಬ್ಬಿ ಜಲಪಾತ ಎಲ್ಲ ಬಿಟ್ಟು ಮಡಿಕೇರಿ ಪೇಟೆಯವರನ್ನು ಮನೆಯೊಳಗೆ ಕೂರಿಸಿ ಯಾಕೆ ಫೋಟೋ ತೆಗೀತೀರಿ?" ನನ್ನ ಫೋಟೋ ನೋಡಿದವರೆಲ್ಲ ಕೇಳುವುದು ಇದನ್ನೇ.

ಮೊದಲು ನಾನೂ ಮಂಜಿನ ಹಿಂದೆಯೇ ಇದ್ದೆ. ರಾಜಾಸೀಟಿನ ಸೂರ್ಯಾಸ್ತ ಎಷ್ಟು ಸಲ ತೆಗೆದಿದ್ದೇನೋ ಲೆಕ್ಕವಿಲ್ಲ. 2018ರ ಆಗಸ್ಟಿನಲ್ಲಿ ಮಳೆಗೆ ಗುಡ್ಡ ಕುಸಿಯಿತು. ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಹೋದವು. ಪರಿಹಾರ ಕೇಂದ್ರದಲ್ಲಿ ಒಬ್ಬ ಅಕ್ಕ ನನ್ನನ್ನು ಗುರುತಿಸಿ ಕೇಳಿದರು, "ನೀವು ಫೋಟೋ ತೆಗೆಯೋರಲ್ವಾ? ನಮ್ಮ ಮನೇದು ಒಂದಾದ್ರೂ ಇದ್ಯಾ?"

ಮನೆಗೆ ಬಂದು ಹುಡುಕಿದೆ. ಆ ಇಳಿಜಾರಿನ ಫೋಟೋ ಹತ್ತಾರು ಇದ್ದವು. ಎಲ್ಲವೂ ದೂರದಿಂದ ತೆಗೆದವು. ಅವರ ಮನೆ ಮಂಜಿನ ನಡುವೆ ಒಂದು ಕೆಂಪು ಚುಕ್ಕೆ. ದೊಡ್ಡದು ಮಾಡಿದರೆ ಆ ಚುಕ್ಕೆಯೂ ಒಡೆದುಹೋಯಿತು. ಬಾಗಿಲಿಲ್ಲ, ಜಗಲಿಯಿಲ್ಲ, ಅವರೂ ಇಲ್ಲ. ಅವರಿಗೆ ಏನು ಹೇಳಲಿ ಅಂತ ತೋಚದೆ ಎರಡು ದಿನ ಆ ಕಡೆ ಹೋಗಲೇ ಇಲ್ಲ.

ಆಮೇಲೆ ಮನೆಗಳ ಒಳಗೆ ಹೋಗಲು ಶುರು ಮಾಡಿದೆ. ಮಹದೇವಪೇಟೆ, ದೇಚೂರು, ತ್ಯಾಗರಾಜ ಕಾಲೋನಿ ಅಂತ ಬೀದಿ ಬೀದಿ ತಿರುಗುತ್ತೇನೆ. ಮೊದಲ ದಿನ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದಿಲ್ಲ. ಸುಮ್ನೆ ಬೆಲ್ಲದ ಕಾಫಿ ಕುಡಿದು ಮಾತಾಡಿ ಬರುತ್ತೇನೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಉರ್ದು ಎಲ್ಲವೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ಎರಡನೇ ಸಲ ಹೋದಾಗ, "ಮನೇಲಿ ಜಾಸ್ತಿ ಹೊತ್ತು ಎಲ್ಲಿರ್ತೀರಿ?" ಅಂತ ಕೇಳುತ್ತೇನೆ. ಎಲ್ಲರೂ ಸೋಫಾ ತೋರಿಸುತ್ತಾರೆ. ಅರ್ಧ ಗಂಟೆ ಬಿಟ್ಟರೆ ತಮ್ಮ ಜಾಗಕ್ಕೆ ತಾವೇ ಹೋಗುತ್ತಾರೆ. ಒಬ್ಬರಿಗೆ ಒಲೆಯ ಮುಂದೆ, ಒಬ್ಬರಿಗೆ ಹೊಲಿಗೆ ಮೆಷಿನ್ ಹತ್ತಿರ, ಒಬ್ಬರಿಗೆ ಬೀದಿ ಕಾಣುವ ಕಿಟಕಿ. ನನಗೆ ಬೇಕಾದ್ದು ಆ ಜಾಗ.

ಮಳೆಗಾಲದಲ್ಲಿ ತೆಗೆಯುವುದು ನನಗಿಷ್ಟ. ಜನ ಮನೆಯಲ್ಲೇ ಸಿಗುತ್ತಾರೆ. ನಡುಮನೆಯ ಹಗ್ಗದ ಮೇಲೆ ಒಣಗದ ಬಟ್ಟೆ ಇರುತ್ತದೆ, ಅದನ್ನು ತೆಗೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಒಳಗೆ ಕತ್ತಲೆ, ನಿಜ. ಆದರೂ ಫ್ಲ್ಯಾಶ್ ಹಾಕುವುದಿಲ್ಲ. ಅದು ಹೊಡೆದ ಕೂಡಲೇ ಮುಖ ಬಿಗಿಯುತ್ತದೆ, ಗೋಡೆ ಬಿಳಚಿಕೊಳ್ಳುತ್ತದೆ. 35 ಎಂಎಂ ಲೆನ್ಸು, ಕಡಿಮೆ ಬೆಳಕಲ್ಲೂ ಫೋಟೋ ಬರುವಂತೆ ಐಎಸ್‌ಒ 3200, ಗಾಜಿನ ಹೆಂಚಿನಿಂದ ಇಳಿಯುವ ಬೆಳಕು, ಅಷ್ಟು ಸಾಕು. ಇಲ್ಲಿನ ಥಂಡಿಗೆ ಲೆನ್ಸಿನೊಳಗೂ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿ ಇಲ್ಲದೆ ಈ ಕೆಲಸ ಆಗದು.

ಬೇಡ ಅಂದವರ ಫೋಟೋ ಯಾರಿಗೂ ತೋರಿಸುವುದಿಲ್ಲ. ಪ್ರಿಂಟ್ ಮಾತ್ರ ಎಲ್ಲರಿಗೂ ಎರಡೆರಡು ಕೊಡುತ್ತೇನೆ. ಒಂದು ಅವರಿಗೆ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಲು.

ಆ ಅಕ್ಕ ಈಗ ಸರ್ಕಾರ ಕಟ್ಟಿಸಿದ ಮನೆಯಲ್ಲಿದ್ದಾರೆ. ಅಲ್ಲಿಗೂ ಹೋಗಿದ್ದೆ. ಸೋಫಾ ಬೇಡ ಅಂದರು. ಬಾಗಿಲಲ್ಲಿ ಬಂದು ನಿಂತರು. "ಬಾಗಿಲು ಪೂರ್ತಿ ಕಾಣ್ಬೇಕು" ಅಂದರು. ಎರಡನೇ ಪ್ರಿಂಟ್ ಸುಳ್ಯದಲ್ಲಿರುವ ಅವರ ತಂಗಿಯ ಮನೆಗೆ ಹೋಯಿತು.