ಜೀಗುಜ್ಜೆ ಮರಕ್ಕೆ ಕಾವಲು

ಜೀಗುಜ್ಜೆಯನ್ನು ಕಾಯಲು ಒಂದು ದೈವವಿತ್ತು ಅಂದರೆ ನಮ್ಮ ಉಡುಪಿ ಕಡೆ ಯಾರಾದರೂ ನಂಬುತ್ತಾರಾ? ಹಲಸಿನ ಜಾತಿಯ ಈ ಕಾಯಿ (ಬ್ರೆಡ್‌ಫ್ರೂಟ್) ನಮಗೆ ಮಳೆಗಾಲದ ಪೋಡಿ, ಹುಳಿ. ಹೆಚ್ಚಾದರೆ ನೆರೆಮನೆಗೆ.

ಮೊನ್ನೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಆ ದೈವದ ಎದುರು ನಿಂತೆ. ಪೆಸಿಫಿಕ್ ಸಾಗರದ ಮೈಕ್ರೊನೇಷ್ಯಾದ ಮಾರ್ಟ್‌ಲಾಕ್ ದ್ವೀಪಗಳ ಮರದ ಮುಖವಾಡ, ಹೆಸರು ತಪುವಾನು. ಬಿಳಿ ಬಳಿದ ಉದ್ದ ಮುಖ, ಕಾಡಿಗೆ ತೀಡಿದ ಹಾಗೆ ಕಪ್ಪು ಹುಬ್ಬು, ಸಣ್ಣ ಕಣ್ಣು, ನೆತ್ತಿಯ ಮೇಲೆ ತುರುಬು. ಕೆತ್ತಿದ್ದು ಜೀಗುಜ್ಜೆ ಮರದಲ್ಲಿ, ಕಾಯಬೇಕಾದದ್ದೂ ಜೀಗುಜ್ಜೆಯನ್ನೇ. ಬಿರುಗಾಳಿ ಬೆಳೆಯನ್ನು ಹೊತ್ತೊಯ್ಯದಿರಲೆಂದು ಗಂಡಸರು ಇದನ್ನು ಕಟ್ಟಿಕೊಂಡು ಕುಣಿಯುತ್ತಿದ್ದರಂತೆ. ಹವಳದ ದಿಬ್ಬದಲ್ಲಿ ಗದ್ದೆ ಎಲ್ಲಿಂದ ಬರಬೇಕು? ಅವರ ಅನ್ನವೇ ಅದು. ಮಿಕ್ಕ ಕಾಯನ್ನು ಎಲೆ ಹಾಸಿದ ಗುಂಡಿಯಲ್ಲಿ ಹುಳಿ ಬರಿಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು.

"ಅಮ್ಮಾ, ಇದು ಇಲ್ಲಿ ಕೂತ್ರೆ ಅಲ್ಲಿ ಮರ ಕಾಯುದು ಯಾರು?" ಅಂದಳು ಮಗಳು.

1907ರಲ್ಲಿ ಅಲ್ಲಿಗೆ ದೊಡ್ಡ ಚಂಡಮಾರುತ ಬಡಿದು ಬಹಳ ಜನ ಸತ್ತದ್ದನ್ನು, ಉಳಿದವರಲ್ಲಿ ಹಲವರನ್ನು ಆಗ ಆಳುತ್ತಿದ್ದ ಜರ್ಮನರು ಪೊನ್‌ಪೇ ದ್ವೀಪಕ್ಕೆ ಸಾಗಿಸಿದ್ದನ್ನು ಹೇಳಿದೆ. "ಹಾಗಾದ್ರೆ ಅವ್ರೂ ನಮ್ಮ ಹಾಗೆ ಶಿಫ್ಟ್ ಆದ್ರಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮುಂದಿನ ಕಪಾಟಿಗೆ ಹೋದಳು. ನಮ್ಮ ಹಾಗಲ್ಲ ಮಗಾ, ನಮ್ಮನ್ನು ಯಾವ ಗಾಳಿಯೂ ಓಡಿಸಲಿಲ್ಲ.

ಬ್ರಹ್ಮಾವರದ ಹತ್ತಿರದ ಮೆಕ್ಕೆಕಟ್ಟಿನ ಹಳೆಯ ಮರದ ಉರುಗಳೂ, ಅಂದರೆ ದೈವಗಳ ವಿಗ್ರಹಗಳೂ, ಹೀಗೇ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿವೆ. ಆದರೆ ಊರಲ್ಲಿ ಹೊಸ ಉರುಗಳು ನಿಂತವು, ದೈವದ ಕೆಲಸ ನಿಲ್ಲಲಿಲ್ಲ. ಆ ವಿಷಯದಲ್ಲಿ ನನಗೆ ನಮ್ಮವರ ಮೇಲೆ ಹೆಮ್ಮೆಯಿದೆ. ನಮ್ಮ ಕುಟುಂಬದ ಗುಡಿಯ ಕತೆ ಮಾತ್ರ ಬೇರೆ. ಹಲಸಿನ ಮರದ ಹಳೆಯ ಮೊಗ, ಅಂದರೆ ದೈವದ ಮುಖವಾಡ, ತೆಗೆದು ಪಳಪಳ ಹೊಳೆಯುವ ಹಿತ್ತಾಳೆಯದ್ದು ಇಟ್ಟರು. ಹಳೆಯದು ಎಲ್ಲಿ ಹೋಯಿತೆಂದು ಕೇಳಿದರೆ ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತದೆ. ಅದೂ ಯಾವುದೋ ಊರಿನ ಗಾಜಿನ ಪೆಟ್ಟಿಗೆಯಲ್ಲಿ ಇದ್ದರೆ ಪುಣ್ಯ. ಯಾರದೋ ಹೋಟೆಲಿನ ಗೋಡೆಯಲ್ಲಿದ್ದರೆ?

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಮುಖವಾಡದ ಸುದ್ದಿಯನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳಿಗೆ ದೈವಕ್ಕಿಂತ ಮರದ ಚಿಂತೆ.

"ಇಲ್ಲಿಯೂ ಮೊನ್ನೆ ಗಾಳಿಗೆ ಜೀಗುಜ್ಜೆ ಗೆಲ್ಲು ಮುರಿದು ಬಾವಿಕಟ್ಟೆ ಮೇಲೆ ಬಿದ್ದಿದೆ ಮಾರಾಯ್ತಿ. ಕಡಿದು ಹಾಕ್ಲಿಕ್ಕೆ ಒಂದು ಜನ ಸಿಕ್ಕುದಿಲ್ಲ. ನೀವೆಲ್ಲ ಅಲ್ಲಿ ಹೋಗಿ ಕೂತದ್ದಲ್ವಾ?"